ಹೊಗೆಗೊಳವಿಯ ದೋಷನಿದಾನ

ತರ್ಕಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದ ವಿದ್ಯಾರ್ಥಿಗೆ ಮೊತ್ತಮೊದಲು ದೊರೆಯುವ ಉದಾಹರಣೆಯು ಹೊಗೆಯದು. ಬೆಟ್ಟದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದಕ್ಕೆ ಅಡುಗೆಮನೆಯೇ ದೃಷ್ಟಾಂತ. ಆದರೆ ಅಲ್ಲಿ ಹೊಗೆಯು ಬೆಂಕಿಯ ಲಿಂಗವಾಗಿ ಮಾತ್ರ ಬರುತ್ತದೆ. ಅದು ಮೇಲಕ್ಕೆ ಏಕೆ ಹೋಗುತ್ತದೆ, ತನ್ನ ದಾರಿಯನ್ನು ಬಿಟ್ಟು ಮನೆಯೊಳಕ್ಕೆ ಏಕೆ ತಿರುಗುತ್ತದೆ ಎಂಬ ಪ್ರಶ್ನೆಯು ಏಳುವುದಿಲ್ಲ. ಚಳಿಗಾಲವಿಡೀ ಬೆಂಕಿಯ ಬಳಿಯಲ್ಲಿಯೇ ಬಾಳಬೇಕಾದ ಶೀತದೇಶಗಳ ಗೃಹಸ್ಥನಿಗಾದರೋ ಇದೇ ಮುಖ್ಯವಾದ ಪ್ರಶ್ನೆಯಾಗಿದ್ದಿತು. ಅದನ್ನು ಕ್ರಮವಾಗಿ ವಿಚಾರಿಸಿದ ಬರಹಗಳಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು 1785ರಲ್ಲಿ ಬರೆದ ಪತ್ರವು ಗಣನೀಯವಾದುದು. ಆ ಪತ್ರದ ವಿಚಾರಪದ್ಧತಿಯೇನು, ಅದರ ಮಿತಿಯೆಲ್ಲಿ ಎಂಬುದೇ ಇಲ್ಲಿಯ ವಿಷಯ.

ಫ್ರಾಂಕ್ಲಿನ್ನನಿಗೆ ಈ ವಿಷಯವು ಹೊಸದಾಗಿರಲಿಲ್ಲ. ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ತಾನು ಕಲ್ಪಿಸಿದ ಕಬ್ಬಿಣದ ಅಗ್ಗಿಷ್ಟಿಕೆಯೊಂದನ್ನು ವರ್ಣಿಸಿ ಅವನು 1744ರಲ್ಲಿಯೇ ಒಂದು ಪುಸ್ತಿಕೆಯನ್ನು ಅಚ್ಚುಮಾಡಿಸಿದ್ದನು. ಆ ಪ್ರಾಂತದ ಗವರ್ನರನು ಅದರ ಮಾರಾಟದ ಏಕಸ್ವಾಮ್ಯವನ್ನು ಕೊಡಲು ಮುಂದೆ ಬಂದರೂ ಅವನು ಒಪ್ಪಲಿಲ್ಲ. ಆ ಅಗ್ಗಿಷ್ಟಿಕೆಯಲ್ಲಿ ಹೊಗೆಯು ಒಂದು ಪೊಳ್ಳು ಪೆಟ್ಟಿಗೆಯ ಮುಂಭಾಗದಲ್ಲಿ ಏರಿ, ಹಿಂಭಾಗದಲ್ಲಿ ಇಳಿದು, ನೆಲದಡಿಯಿಂದ ಕೊಳವಿಯನ್ನು ಸೇರಬೇಕಾಗಿದ್ದಿತು. ಶಾಖವನ್ನು ಉಳಿಸಿಕೊಳ್ಳುವುದಕ್ಕೆ ಇದು ಉತ್ತಮವಾದ ಉಪಾಯವೇ ಸರಿ. ಆದರೆ ಕೊಳವಿಯು ತಣ್ಣಗಿದ್ದಾಗ ಹೊಗೆಯು ಇಳಿಯಲೊಲ್ಲದೆ ಕೋಣೆಯನ್ನೇ ತುಂಬುತ್ತಿದ್ದಿತು. ಅನಂತರ ಡೇವಿಡ್ ರಿಟ್ಟನ್‌ಹೌಸನು ಹೊಗೆಯ ದಾರಿಯನ್ನು ಬದಲಾಯಿಸಿ ಈ ದೋಷವನ್ನು ನೀಗಿದನು.

1785ರ ಪತ್ರವಾದರೋ ಫ್ರಾಂಕ್ಲಿನ್ನನು ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಯೂರೋಪಿನಿಂದ ಸ್ವದೇಶಕ್ಕೆ ಮರಳುವಾಗ, ಹಡಗಿನಲ್ಲಿಯೇ ಬರೆದುದು. ಅದು ವೈದ್ಯನಾದ ಇಂಗೆನ್‌ಹೌಸನನ್ನು ಸಂಬೋಧಿಸಿದುದು. ಹೊಗೆಯು ಸ್ವಭಾವದಿಂದಲೇ ಗಾಳಿಗಿಂತ ಹಗುರವಾದುದೆಂದು ಕೆಲವರೂ, ಕೊಳವಿಯಲ್ಲಿಯೇ ಹೊಗೆಯನ್ನು ಸೆಳೆಯುವ ಶಕ್ತಿಯುಂಟೆಂದು ಕೆಲವರೂ ನಂಬಿದ್ದರು. ಈ ಎರಡು ಪೂರ್ವಪಕ್ಷಗಳನ್ನೂ ಅವನು ಖಂಡಿಸುತ್ತಾನೆ. ಅರ್ಧ ತಣ್ಣೀರು ತುಂಬಿದ ಗಾಜಿನ ಹೂಜಿಯೊಳಕ್ಕೆ ಹೊಗೆಸೊಪ್ಪಿನ ಚಿಲುಮೆಯ ನಳಿಗೆಯನ್ನು ಇಳಿಸಿ ಊದಿದರೆ, ಹೊಗೆಯು ಗುಳ್ಳೆಗಳಾಗಿ ನೀರನ್ನು ದಾಟಿ ತಂಪಾಗುತ್ತದೆ. ಆಮೇಲೆ ಹೂಜಿಯ ಕಂಠಕ್ಕೆ ಏರದೆ ನೀರಿನ ಮೇಲೆಯೇ ಹರಡಿ ನಿಲ್ಲುತ್ತದೆ. ಆದುದರಿಂದ ಏರುವುದು ಹೊಗೆಯ ಸ್ವಭಾವವಲ್ಲ. ಕಾದ ಗಾಳಿಯು ಅದನ್ನು ಹೊತ್ತುಕೊಂಡು ಹೋಗುತ್ತದೆ. ಮೇಲೆ ಹೋದ ಗಾಳಿಯ ಸ್ಥಳಕ್ಕೆ ಬೇರೆ ಗಾಳಿಯು ಬಾರದಿದ್ದರೆ ಈ ಪ್ರವಾಹವು ನಿಲ್ಲುತ್ತದೆ. ಇದೇ ಅವನ ಸಿದ್ಧಾಂತ.

ಈ ಸಿದ್ಧಾಂತದಿಂದ ಅವನು ಒಂಬತ್ತು ದೋಷಕಾರಣಗಳನ್ನು ಎಣಿಸುತ್ತಾನೆ. ಬಿಗಿಯಾಗಿ ಕಟ್ಟಿದ ಕೋಣೆಗೆ ಗಾಳಿಯು ಸಾಲದಿರುವುದು ಮೊದಲನೆಯದು. ಒಲೆಯ ಬಾಯಿಯು ಅತಿ ದೊಡ್ಡದಾಗಿರುವುದು ಎರಡನೆಯದು. ಕೊಳವಿಯು ಗಿಡ್ಡವಾಗಿರುವುದು ಮೂರನೆಯದು. ಒಂದೇ ಮನೆಯ ಎರಡು ಬೆಂಕಿಗಳಲ್ಲಿ ಪ್ರಬಲವಾದುದು ದುರ್ಬಲವಾದುದರ ಕೊಳವಿಯಿಂದ ಗಾಳಿಯನ್ನು ಕೆಳಗೆಳೆಯುವುದು ನಾಲ್ಕನೆಯದು. ಎತ್ತರವಾದ ಕಟ್ಟಡವನ್ನೋ ಗುಡ್ಡವನ್ನೋ ದಾಟಿದ ಗಾಳಿಯು ಕಟ್ಟೆಯನ್ನು ಮೀರಿದ ನೀರಿನಂತೆ ಕೊಳವಿಯ ಮೇಲೆ ಬೀಳುವುದು ಐದನೆಯದು. ಕೊಳವಿಯ ಆಚೆಗಿರುವ ಎತ್ತರವು ಗಾಳಿಯನ್ನು ತಡೆದು ಕೊಳವಿಯೊಳಕ್ಕೆ ಒತ್ತುವುದು ಆರನೆಯದು. ಬಾಗಿಲು ತಕ್ಕ ಸ್ಥಳದಲ್ಲಿ ಇಲ್ಲದಿರುವುದು ಏಳನೆಯದು. ಬೆಂಕಿಯಿಲ್ಲದ ಕೊಳವಿಯ ಮೂಲಕ ನೆರೆಯ ಹೊಗೆಯು ಇಳಿಯುವುದು ಎಂಟನೆಯದು. ಬಿರುಗಾಳಿಯು ಹೊಗೆಯನ್ನು ಕೆಳಕ್ಕೆ ತಳ್ಳುವುದು ಒಂಬತ್ತನೆಯದು. ಒಂದು ಕಾರಣಕ್ಕೆ ಹೇಳಿದ ಪರಿಹಾರವು ಮತ್ತೊಂದಕ್ಕೆ ಸಲ್ಲದು. ಗಾಳಿ ಸಾಲದ ಕೋಣೆಯವನು ಕೊಳವಿಯ ತುದಿಗೆ ಟೊಪ್ಪಿಗೆಯನ್ನು ತೊಡಿಸಿ ಹಣವನ್ನು ಕಳೆದುಕೊಳ್ಳುವನೇ ಹೊರತು ಹೊಗೆಯನ್ನು ಕಳೆದುಕೊಳ್ಳಲಾರನು.

ಮೊದಲನೆಯ ದೋಷವನ್ನು ಪರೀಕ್ಷಿಸುವ ರೀತಿಯು ಅನ್ವಯವ್ಯತಿರೇಕಗಳಿಗೆ ಒಳ್ಳೆಯ ನಿದರ್ಶನ. ಬೆಂಕಿಯು ಉರಿಯುತ್ತಿರುವಾಗ ಬಾಗಿಲನ್ನು ತೆರೆಯಬೇಕು. ಹೊಗೆಯು ಸರಿಯಾಗಿ ಏರಿದರೆ ಗಾಳಿಯ ಕೊರತೆಯೇ ಕಾರಣವೆಂದು ತಿಳಿಯುತ್ತದೆ. ಆಮೇಲೆ ಹೊಗೆಯು ಮತ್ತೆ ಒಳಕ್ಕೆ ತಿರುಗುವವರೆಗೆ ಬಾಗಿಲನ್ನು ಮೆಲ್ಲಮೆಲ್ಲನೆ ಮುಚ್ಚುತ್ತ ಬಂದು, ಅದು ನಿಲ್ಲುವಷ್ಟು ಮಾತ್ರ ಪುನಃ ತೆರೆದು, ಸಂದಿನ ಅಗಲವನ್ನು ಅಳೆಯಬೇಕು. 8 ಅಡಿ ಎತ್ತರದ ಬಾಗಿಲಿನಲ್ಲಿ ಸಂದು ಅರ್ಧ ಅಂಗುಲವಾದರೆ ಆ ಕೋಣೆಗೆ 48 ಚದರ ಅಂಗುಲದ, ಎಂದರೆ 6 ಅಂಗುಲಕ್ಕೆ 8 ಅಂಗುಲದ, ಗಾಳಿಕಂಡಿಯು ಬೇಕು. ಅದನ್ನು ಮೇಲ್ಛಾವಣಿಯ ಬಳಿಯಲ್ಲಿಟ್ಟರೆ ತಣ್ಣನೆಯ ಗಾಳಿಯು ಅಲ್ಲಿಯ ಬಿಸಿಗಾಳಿಯೊಡನೆ ಬೆರೆತು ಇಳಿಯುವುದರಿಂದ ಕುಳಿತವರ ಬೆನ್ನಿಗೂ ಕಾಲಿಗೂ ಚಳಿಯು ತಗುಲದು.

ಹೀಗೆ ಕಾರಣಗಳನ್ನು ಎಣಿಸಿದವನೇ ತನ್ನ ಸೋಲನ್ನೂ ಮುಚ್ಚಿಡದೆ ಹೇಳಿದ್ದಾನೆ. ಲಂಡನ್ನಿನ ಸಮೀಪದಲ್ಲಿ ಒಬ್ಬ ಮಿತ್ರನ ಹಳ್ಳಿಮನೆಯ ಕೋಣೆಯೊಂದರಲ್ಲಿ ಬೆಂಕಿಯಿಟ್ಟರೆ ಹೊಗೆಯೆಲ್ಲವೂ ಒಳಕ್ಕೇ ಬರುತ್ತಿದ್ದಿತು. ಫ್ರಾಂಕ್ಲಿನ್ನನು ಬಾಗಿಲನ್ನು ತೆರೆದು ನೋಡಿದನು, ಗಾಳಿಯ ಕೊರತೆಯಲ್ಲ. ಒಲೆಯ ಬಾಯಿಯನ್ನು ಕಿರಿದುಮಾಡಿದನು, ಅದೂ ಕಾರಣವಲ್ಲ. ಹೊರಗೆ ಹೋಗಿ ಕೊಳವಿಯ ತುದಿಯನ್ನು ನೆಲದಿಂದಲೇ ನಿಟ್ಟಿಸಿದನು. ಅದಕ್ಕಿಂತ ಗಿಡ್ಡವಾದ ನೆರೆಯ ಕೊಳವಿಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಕೊನೆಗೆ ತನ್ನ ವಿದ್ಯೆಯು ಸಾಲದೆಂದು ಒಪ್ಪಿಕೊಂಡನು. ಈ ವಿದ್ಯೆಯ ಹೆಸರನ್ನೂ ಹೇಳಿಕೊಳ್ಳದ ಮಿತ್ರನು ಅನಂತರ ಏಣಿಯನ್ನು ಹತ್ತಿ ಕೊಳವಿಯೊಳಗೆ ಇಣಿಕಿ ನೋಡಲು, ಅದು ಕಡ್ಡಿ ಹುಲ್ಲುಗಳನ್ನು ಜೇಡಿಮಣ್ಣಿನಿಂದ ಮೆತ್ತಿ ಗರಿಗಳನ್ನು ಹಾಸಿದ ಹಕ್ಕಿಯ ಗೂಡಿನಿಂದ ತುಂಬಿದ್ದಿತು! ಆ ಮನೆಯು ಕೆಲವು ವರ್ಷ ಬರಿದಾಗಿ ನಿಂತಿದ್ದಿತು. ಅನುಮಾನವು ತನ್ನ ಎಣಿಕೆಯೊಳಗಿನ ಕಾರಣಗಳನ್ನು ಮಾತ್ರ ತಳ್ಳಿಹಾಕಬಲ್ಲುದು. ಎಣಿಕೆಗೆ ಬಾರದ ಕಾರಣವನ್ನು ಪ್ರತ್ಯಕ್ಷವೇ ತೋರಿಸಬೇಕು.

ಹನ್ನೊಂದು ವರ್ಷಗಳ ಮೇಲೆ, 1796ರಲ್ಲಿ, ಕೌಂಟ್ ರಮ್‌ಫರ್ಡನು ಅಗ್ಗಿಷ್ಟಿಕೆಗಳ ವಿಷಯವಾದ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಅವನ ದೃಷ್ಟಿಯು ಮುಖ್ಯವಾಗಿ ಕೊಳವಿಯ ಕಂಠದ ಮೇಲಿದ್ದಿತು. ಕಂಠವನ್ನು ಸುಮಾರು 4 ಅಂಗುಲಕ್ಕೆ ಕಿರಿದುಮಾಡಿ, ಪಕ್ಕದ ಗೋಡೆಗಳನ್ನು ಹಿಂಗೋಡೆಗೆ 135 ಡಿಗ್ರಿ ಕೋನದಲ್ಲಿ ಓರೆಯಾಗಿಸಿದರೆ ಹೊಗೆಯು ಮೇಲಕ್ಕೂ ಶಾಖವು ಕೋಣೆಗೂ ಹೋಗುವುದೆಂದು ಅವನು ವಿಧಿಸಿದನು. ಅಷ್ಟು ಕಿರಿದಾದ ಕಂಠದಲ್ಲಿ ಮಸಿಯನ್ನು ಗುಡಿಸುವವನು ನುಸುಳಲಾರನೆಂದು, ಹಿಂಗೋಡೆಯಲ್ಲಿ ಬೇಕಾದಾಗ ತೆಗೆಯಬಹುದಾದ ಕಲ್ಲಿನಿಂದ ಮುಚ್ಚಿದ ದಾರಿಯನ್ನೂ ಅವನು ಇಡಿಸಿದನು. ಎಷ್ಟು ಚೆನ್ನಾಗಿ ಕಟ್ಟಿದರೂ ಒಳಹೊಕ್ಕು ನೋಡುವ ದಾರಿಯನ್ನು ಬಿಡಬೇಕೆಂಬುದು ಆ ಗೂಡಿನ ಕಥೆಯ ಪಾಠವೂ ಹೌದು.

ಇಂದು ಆ ದೇಶಗಳ ಮನೆಗಳಲ್ಲಿ ಅನಿಲವನ್ನೋ ಎಣ್ಣೆಯನ್ನೋ ಉರಿಸುವ ಕುಲುಮೆಗಳು ಬಳಕೆಯಲ್ಲಿವೆ. ಅವು ಕೆಟ್ಟಾಗ ವಿಚಾರಿಸುವ ಕ್ರಮವು ಹಳೆಯದೇ ಆಗಿದೆ: ಗಾಳಿಯು ಬರುತ್ತಿದೆಯೇ, ಶೋಧಕವು ಧೂಳಿನಿಂದ ಕಟ್ಟಿಕೊಂಡಿದೆಯೇ, ಹೊರಗಣ ನಳಿಗೆಗೆ ಹಿಮವೋ ಹಕ್ಕಿಯ ಗೂಡೋ ಅಡ್ಡವಾಗಿದೆಯೇ ಎಂದು ಒಂದೊಂದಾಗಿ ನೋಡಬೇಕು. ಆದರೆ ಒಂದು ಭೇದವುಂಟು. ಹಳೆಯ ಒಲೆಯು ಕೆಟ್ಟರೆ ಹೊಗೆಯೇ ಕಣ್ಣಿಗೆ ಬಿದ್ದು ಎಚ್ಚರಿಸುತ್ತಿದ್ದಿತು. ಈಗಿನ ಕುಲುಮೆಯ ದೋಷದಿಂದ ಹುಟ್ಟಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರನ್ನು ಮಲಗಿದಂತೆಯೇ ಕೊಲ್ಲಬಲ್ಲುದು. ಆದುದರಿಂದ ಅನೇಕ ಕುಲುಮೆಗಳಲ್ಲಿ, ನಳಿಗೆಯ ಪ್ರವಾಹವು ಕುಂದಿದೊಡನೆ ಬೆಂಕಿಯನ್ನು ತಡೆಯುವ ಒತ್ತಡದ ಸ್ವಿಚ್ಚನ್ನು ಅಳವಡಿಸಿರುತ್ತಾರೆ. ಕುಲುಮೆಯು ಮತ್ತೆ ಮತ್ತೆ ಆರುತ್ತದೆಂದು ಬೇಸತ್ತು ಆ ಸ್ವಿಚ್ಚನ್ನೇ ನಿಷ್ಫಲಗೊಳಿಸುವವನು ಕಾರಣವನ್ನು ಉಳಿಸಿ ಲಿಂಗವನ್ನು ಅಳಿಸಿದವನಾಗುತ್ತಾನೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯು ಈಗಲೂ ನಿಜವೇ. ಹೊಗೆಯಿಲ್ಲದಲ್ಲಿ ಅಪಾಯವಿಲ್ಲವೆಂಬುದು ಮಾತ್ರ ಎಂದೂ ಅದರ ಅರ್ಥವಾಗಿರಲಿಲ್ಲ.