ಮೀನಾಕಾರಿ ಒಡವೆ ಇದೆಯಾ? ಅಂಟುವಾಳದ ನೀರಿಗೆ ಹಾಕುವ ಮುನ್ನ ಇದನ್ನೊಮ್ಮೆ ಓದಿ

ಹೈದರಾಬಾದ್: ಚಾರ್‌ಮಿನಾರ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಒಡವೆ ನೋಡುವವರ ಕಣ್ಣು ಮೊದಲು ಹೋಗುವುದು ಕಲ್ಲು, ಮುತ್ತುಗಳ ಕಡೆಗೆ. ಕುಂದಣದ ಹಳೆಯ ಹಾರವಾದರೆ ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಸಿರು, ಕೆಂಪು, ನೀಲಿ ಬಣ್ಣದ ಹೂಬಳ್ಳಿ ಇರುತ್ತದೆ. ಅದೇ ಮೀನಾಕಾರಿ. ಕೇಂದ್ರ ಸರ್ಕಾರ 1995ರಲ್ಲಿ 218 ಕೋಟಿ ರೂ.ಗೆ ಖರೀದಿಸಿದ ನಿಜಾಮರ 173 ಆಭರಣಗಳ ಸಂಗ್ರಹದಲ್ಲೂ ಇಂಥ ಕೆಲಸವಿದೆ. ಧರಿಸಿದವರಿಗಷ್ಟೇ ಗೊತ್ತಾಗುವ ಸೊಬಗು ಇದು.

ಬಣ್ಣವಲ್ಲ, ಗಾಜು

ನೋಡಲು ಬಣ್ಣ ಬಳಿದಂತೆ ಕಂಡರೂ ಇದು ಗಾಜು. ಚಿನ್ನ ಅಥವಾ ಬೆಳ್ಳಿಯ ಮೇಲೆ ಉಳಿಯಿಂದ ವಿನ್ಯಾಸ ಕೊರೆದು, ಆ ತಗ್ಗುಗಳಿಗೆ ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿ ಸುಮಾರು 700ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸುತ್ತಾರೆ. ನೀಲಿಗೆ ಕೋಬಾಲ್ಟ್, ಹಸಿರಿಗೆ ತಾಮ್ರದ ಆಕ್ಸೈಡ್ ಕಾರಣ. ಹೆಚ್ಚು ಶಾಖ ತಡೆಯುವ ಬಣ್ಣ ಮೊದಲು, ಕಡಿಮೆ ತಡೆಯುವುದು ಕೊನೆಗೆ. ಹೀಗಾಗಿ ಒಂದೇ ಒಡವೆ ಹಲವು ಬಾರಿ ಕುಲುಮೆಗೆ ಹೋಗಿ ಬರುತ್ತದೆ. ಮಾಡುವವರಿಗೆ ಹೆಚ್ಚು ಕಾಡುವುದು ಕೆಂಪು.

ಈಗ ಮೀನಾಕಾರಿ ಹೆಸರಲ್ಲಿ ಸಿಗುವ ಅಗ್ಗದ ಒಡವೆಗಳಲ್ಲಿ ಹೆಚ್ಚಿನವು ರೆಸಿನ್ ಅಥವಾ ಪೇಂಟ್ ಹಾಕಿದವು. ಫ್ಯಾನ್ಸಿ ಒಡವೆಯಾಗಿ ಕೊಳ್ಳಲು ಅಡ್ಡಿಯಿಲ್ಲ, ಆದರೆ ಕುಲುಮೆ ಕೆಲಸದ ದರ ಕೊಡಬೇಡಿ. ಭೂತಗನ್ನಡಿ ಹಿಡಿದು ನೋಡಿ. ಪಾರದರ್ಶಕ ಗಾಜಿನ ಬಣ್ಣವಾದರೆ ಅದರಡಿಯ ಕೊರೆತದ ಗೆರೆಗಳು ಹೊಳೆಯುತ್ತವೆ. ಮುಟ್ಟಿದರೆ ಗಾಜು ತಣ್ಣಗಿರುತ್ತದೆ, ರೆಸಿನ್ ಅಷ್ಟು ತಣ್ಣಗಿರುವುದಿಲ್ಲ. ಸೂಜಿಯಿಂದ ಗೀರಿ ಪರೀಕ್ಷಿಸುವ ಸಾಹಸ ಮಾತ್ರ ಬೇಡ. ಅಂದಹಾಗೆ, ಲಾಡ್ ಬಜಾರ್‌ನ ಪ್ರಸಿದ್ಧ ಬಳೆಗಳು ಮೀನಾಕಾರಿಯಲ್ಲ, ಅವು ಅರಗಿನವು.

ಬಿಲ್‌ನಲ್ಲಿ ಏನಿರಬೇಕು?

2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದಾಗ ಕುಂದಣ, ಪೋಲ್ಕಿ, ಜಡಾವು ಒಡವೆಗಳಿಗೆ ವಿನಾಯಿತಿ ನೀಡಲಾಯಿತು. ಹಿಂಬದಿ ಮೀನಾಕಾರಿ ಇರುವ ಒಡವೆಗಳು ಸಾಮಾನ್ಯವಾಗಿ ಇದೇ ಗುಂಪಿನವು. ಹಾಗಾಗಿ ಬಿಲ್‌ನಲ್ಲಿ ಒಟ್ಟು ತೂಕದ ಜತೆಗೆ ಚಿನ್ನದ ನಿವ್ವಳ ತೂಕ ಮತ್ತು ಕ್ಯಾರೆಟ್ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಗಾಜು, ಅರಗಿನ ತೂಕಕ್ಕೂ ಚಿನ್ನದ ಬೆಲೆ ಕೊಡಬೇಕಾದೀತು. ಮುಂದೆ ಮಾರಲು ಹೋದಾಗ ಅದನ್ನೇ ಕಳೆದು ಲೆಕ್ಕ ಹಾಕುತ್ತಾರೆ!

ಮನೆಯಲ್ಲಿ ಹೇಗೆ?

ನಮ್ಮ ಮನೆಗಳಲ್ಲಿ ಚಿನ್ನ ತೊಳೆಯುವುದೆಂದರೆ ಬಿಸಿನೀರು, ಅಂಟುವಾಳ, ಹಳೆಯ ಟೂತ್‌ಬ್ರಷ್. ಸಾದಾ ಸರಕ್ಕೆ ಅದು ಸರಿ. ಕುಂದಣಕ್ಕೆ ಬೇಡವೇ ಬೇಡ. ಕಲ್ಲಿನಡಿಯ ತೆಳು ಹಾಳೆಗೆ ನೀರು ಇಳಿದರೆ ಹೊಳಪು ಹೋಗುತ್ತದೆ. ದಿಢೀರ್ ಬಿಸಿ ತಗುಲಿದರೆ ಲೋಹ ಮತ್ತು ಗಾಜು ಒಂದೇ ಪ್ರಮಾಣದಲ್ಲಿ ಹಿಗ್ಗದೆ ಬಿರುಕು ಬೀಳಬಹುದು. ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ನಿಂಬೆ, ಹುಣಸೆ, ಟೂತ್‌ಪೇಸ್ಟ್ ದೂರವಿಡಿ. ಸೆಂಟ್ ಹಾಕಿಕೊಂಡು, ಅದು ಒಣಗಿದ ಮೇಲೆ ಒಡವೆ ಧರಿಸಿ. ಪ್ರತಿಯೊಂದನ್ನೂ ಬೇರೆ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿಡಿ.

ಹೆಚ್ಚಿನ ಹಾನಿ ಆಗುವುದು ರಿಪೇರಿಯಲ್ಲಿ. ಕೊಂಡಿ ಬೆಸೆಯಲು ಬೆಂಕಿ ಹಿಡಿದರೆ ಮೀನಾ ಸಿಡಿಯಬಹುದು, ಬಳಿಕ ಆಸಿಡ್‌ನಲ್ಲಿ ಅದ್ದಿದರೆ ಹೊಳಪು ಮಂಕಾಗುತ್ತದೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯುವುದೂ ಬೇಡ. ಒಡವೆ ಕೊಡುವ ಮುನ್ನವೇ ‘ಇದರಲ್ಲಿ ಮೀನಾ ಇದೆ’ ಎಂದು ಹೇಳಿ, ಹಿಂದೆ ಮುಂದೆ ಎರಡೂ ಕಡೆ ಫೋಟೊ ತೆಗೆದಿಟ್ಟುಕೊಳ್ಳಿ. ಚೂರು ಎದ್ದಿದ್ದರೆ ನೇಲ್ ಪಾಲಿಶ್ ತುಂಬಬೇಡಿ (ಹಾಗೆ ಮಾಡುವವರೂ ಇದ್ದಾರೆ). ಮತ್ತೆ ಕುಲುಮೆಗೆ ಹಾಕಬೇಕೆಂದರೆ ಮೊದಲು ಕಲ್ಲು, ಅರಗು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಅಷ್ಟು ಖರ್ಚು ಬೇಡವೆನಿಸಿದರೆ, ಎದ್ದ ಚೂರನ್ನು ಹಾಗೆಯೇ ಬಿಟ್ಟು ಹಾರ ಹಾಕಿಕೊಳ್ಳಿ. ಅದು ಇರುವುದು ಹಿಂಬದಿಯಲ್ಲಿ ತಾನೆ.