ಟಿಫನಿ ದೀಪಗಳೂ ಹರಾಜಿನ ವಿವರಪಟ್ಟಿಗಳೂ

ಹಳೆಯ ವಸ್ತುಗಳ ಹರಾಜಿಗಾಗಿ ಅಚ್ಚುಹಾಕಿಸಿದ ವಿವರಪಟ್ಟಿಯನ್ನು ಇತಿಹಾಸದ ಆಕರವೆಂದು ಪರಿಗಣಿಸುವ ರೂಢಿ ನಮ್ಮ ವಿದ್ವಾಂಸರಲ್ಲಿ ಅಷ್ಟಾಗಿ ಇಲ್ಲ. ಶಾಸನ, ಕಡತ, ಪ್ರವಾಸಿಗಳ ಬರಹ ಇವುಗಳಿಗೆ ಸಲ್ಲುವ ಗೌರವ ವ್ಯಾಪಾರಿಯ ಪಟ್ಟಿಗೆ ಸಲ್ಲದಿರುವುದು ಸಹಜವೇ. ಮಾರುವವನು ತನ್ನ ಸರಕನ್ನು ಹೊಗಳದೆ ಇರಲಾರ. ಆದರೆ ಅಲಂಕಾರಕಲೆಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಈ ಪಟ್ಟಿಗಳನ್ನು ಬಿಟ್ಟರೆ ಬೇರೆ ಗತಿಯಿಲ್ಲದ ಸಂದರ್ಭಗಳು ಹಲವು ಉಂಟು. ಒಂದು ಹೂಜಿಯೋ ದೀಪವೋ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಹರಾಜಿನ ದಿನ ಮಾತ್ರ ಹೊರಗೆ ಬಂದು, ಅಳತೆ, ಚಿತ್ರ, ಬೆಲೆಗಳೊಡನೆ ದಾಖಲಾಗಿ, ಮತ್ತೆ ದಶಕಗಳ ಕಾಲ ಮರೆಯಾಗುತ್ತದೆ. ಈ ಆಕರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಅಮೆರಿಕದ ಟಿಫನಿ ದೀಪಗಳ ದೃಷ್ಟಾಂತದಿಂದ ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಲೂಯಿ ಕಂಫರ್ಟ್ ಟಿಫನಿ 1848ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದನು. ಅವನ ತಂದೆ ಚಾರ್ಲ್ಸ್ ಲೂಯಿಸ್ ಟಿಫನಿ 1837ರಲ್ಲಿ ಆರಂಭವಾದ ಪ್ರಸಿದ್ಧ ಆಭರಣದಂಗಡಿಯ ಸ್ಥಾಪಕ. ತಂದೆಯ ಅಂಗಡಿಗೂ ಮಗನ ಗಾಜಿನ ಕಾರ್ಖಾನೆಗೂ ಹೆಸರು ಒಂದೇ ಆದದ್ದರಿಂದ ಇಂದಿಗೂ ಜನ ಇವೆರಡನ್ನು ಬೆರಸಿ ಮಾತನಾಡುವುದುಂಟು. ಅವು ಬೇರೆ ಬೇರೆ ಸಂಸ್ಥೆಗಳೆಂಬುದನ್ನು ಮೊದಲೇ ಹೇಳಿಡುವುದು ಮೇಲು. ಚಿತ್ರಕಾರನಾಗಿ ಆರಂಭಿಸಿದ ಮಗನು 1885ರಲ್ಲಿ ಗಾಜಿನ ಕಂಪನಿಯೊಂದನ್ನು ಕಟ್ಟಿದನು. 1893ರಲ್ಲಿ ನ್ಯೂಯಾರ್ಕಿನ ಕೊರೋನಾ ಎಂಬಲ್ಲಿ ಕುಲುಮೆಗಳನ್ನು ಹೂಡಿಸಿ, ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಪ್ರಾಂತದಿಂದ ಬಂದ ಆರ್ಥರ್ ನ್ಯಾಷ್ ಎಂಬ ಗಾಜುಗಾರನಿಗೆ ಅದರ ಮೇಲ್ವಿಚಾರಣೆಯನ್ನು ಒಪ್ಪಿಸಿದನು. ನವಿಲುಗರಿಯಂತೆ ಮಿರುಗುವ ಅಲ್ಲಿಯ ಗಾಜಿಗೆ 'ಫವ್ರೀಲ್' ಎಂಬ ವ್ಯಾಪಾರನಾಮವನ್ನು 1894ರಲ್ಲಿ ನೋಂದಾಯಿಸಲಾಯಿತು. 1902ರ ಹೊತ್ತಿಗೆ ಕಂಪನಿಗೆ ಟಿಫನಿ ಸ್ಟುಡಿಯೋಸ್ ಎಂಬ ಹೆಸರು ನಿಂತಿತು.

ದೀಪಗಳ ಷೇಡುಗಳನ್ನು ಮಾಡುತ್ತಿದ್ದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಮುಂದಿನ ವಿವಾದವೆಲ್ಲ ಇದರಲ್ಲಿ ಅಡಗಿದೆ. ಮೊದಲು ವಿನ್ಯಾಸಕಾರರು ಹೂಬಳ್ಳಿಯನ್ನೋ ಕೀಟವನ್ನೋ ನೋಡಿ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ಷೇಡಿನ ಆಕಾರದ ಮರದ ಅಚ್ಚಿನ ಮೇಲೆ ಆ ಚಿತ್ರವನ್ನು ಮೂಡಿಸಿ, ಒಂದೊಂದು ಎಸಳಿಗೂ ಎಲೆಗೂ ಲೋಹದ ಮಾದರಿತುಂಡನ್ನು ಕತ್ತರಿಸಿಕೊಳ್ಳುತ್ತಿದ್ದರು. ಬಳಿಕ ಗಾಜನ್ನು ಆರಿಸುವವರು ದೊಡ್ಡ ಹಾಳೆಗಳನ್ನು ಬೆಳಕಿಗೆ ಹಿಡಿದು, ಯಾವ ಮೂಲೆಯಲ್ಲಿ ನೀಲಿ ಊದಾಕ್ಕೆ ತಿರುಗುತ್ತದೆ, ಎಲ್ಲಿ ಗೆರೆಗಳು ಎಲೆಯ ನರಗಳಂತೆ ಓಡಿವೆ ಎಂಬುದನ್ನು ಕಂಡು, ಆ ತಾಣವನ್ನೇ ಮಾದರಿಗೆ ಸರಿಯಾಗಿ ಕತ್ತರಿಸುತ್ತಿದ್ದರು. ತುಂಡಿನ ಅಂಚಿಗೆ ತಾಮ್ರದ ತೆಳುಪಟ್ಟಿಯನ್ನು ಸುತ್ತಿ ಅಚ್ಚಿನ ಮೇಲೆ ಜೋಡಿಸಿದ ಮೇಲೆ ಬೆಸುಗೆಯವರು ಅವನ್ನು ಬೆಸೆಯುತ್ತಿದ್ದರು. ಊದಾ ಹೂಗೊಂಚಲುಗಳು ಜೋತುಬಿದ್ದಿರುವ ವಿಸ್ಟೀರಿಯ ಬಳ್ಳಿಯ ಷೇಡಿಗೆ ಸುಮಾರು 2,000 ತುಂಡುಗಳು ಬೇಕಾಗುತ್ತಿದ್ದವು. ಒಂದೇ ಮಾದರಿಯ ಎರಡು ದೀಪಗಳು ಒಂದೇ ಬಗೆಯಾಗಿ ಕಾಣದಿರುವುದು ಇದರಿಂದಲೇ. ಅಚ್ಚು ಒಂದೇ, ಆರಿಸಿದ ಕಣ್ಣು ಬೇರೆ.

ಈ ಆರಿಸುವ, ಕತ್ತರಿಸುವ, ತಾಮ್ರ ಸುತ್ತುವ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳದು. 1892ರಲ್ಲಿಯೇ ಟಿಫನಿ ಗಾಜು ಕತ್ತರಿಸುವ ಸ್ತ್ರೀಯರ ವಿಭಾಗವೊಂದನ್ನು ತೆರೆದಿದ್ದನು. ಬೆಸುಗೆ ಮತ್ತು ಕಂಚಿನ ಪೀಠಗಳ ಕೆಲಸ ಗಂಡಸರದಾಗಿತ್ತು. ಅಂದಿನ ಕಾರ್ಮಿಕಸಂಘದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ; ಅವರು ಸೀಸದ ಕಿಟಕಿಗಳ ಕೆಲಸವನ್ನು ಮಾಡಕೂಡದೆಂದು ಸಂಘದವರು 1903ರಲ್ಲಿ ಪಟ್ಟುಹಿಡಿದಾಗ, ವಿಭಾಗದ ಸಂಖ್ಯೆಗೆ ಮಿತಿಯನ್ನು ಹಾಕಿ ರಾಜಿಮಾಡಿಕೊಳ್ಳಬೇಕಾಯಿತು. ಈ ಸಂಗತಿಗಳು ಬಹುಕಾಲ ಯಾವ ಹರಾಜಿನ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳಲಿಲ್ಲ.

ಟಿಫನಿಯ ಕೀರ್ತಿ ಅವನ ಆಯುಸ್ಸಿಗಿಂತ ಮೊದಲೇ ಮುಗಿಯಿತು. ಮೊದಲ ಮಹಾಯುದ್ಧದ ತರುವಾಯ ಅಭಿರುಚಿ ತಿರುಗಿತು; ಹೂಬಳ್ಳಿಗಳ ಬಣ್ಣದ ಗಾಜು ಮುದುಕರ ಮನೆಯ ಸಾಮಾನೆನಿಸಿತು. ಟಿಫನಿ ಸ್ಟುಡಿಯೋಸ್ 1932ರಲ್ಲಿ ದಿವಾಳಿಯೆದ್ದಿತು. ಮರುವರ್ಷ ಜನವರಿಯಲ್ಲಿ ಟಿಫನಿ ತೀರಿಕೊಂಡನು. ಉಳಿದ ಸರಕು ಸಿಕ್ಕಿದ ಬೆಲೆಗೆ ಹೋಯಿತು. ಕಂಪನಿಯ ಲೆಕ್ಕಪತ್ರಗಳಲ್ಲಿ ಬಹುಭಾಗ ನಷ್ಟವಾಯಿತು. ಈ ಎರಡನೆಯ ನಷ್ಟವೇ ದೊಡ್ಡದೆಂದು ನಮ್ಮ ಭಾವನೆ. ಸಂಸ್ಥೆಯಲ್ಲಿ ಬಹುಕಾಲ ದುಡಿದ ಜೋಸೆಫ್ ಬ್ರಿಗ್ಸ್ ಎಂಬಾತ ತನ್ನಲ್ಲಿದ್ದ ನೂರಕ್ಕೂ ಮೀರಿದ ಗಾಜಿನ ವಸ್ತುಗಳನ್ನು ಇಂಗ್ಲೆಂಡಿನಲ್ಲಿದ್ದ ತನ್ನ ಹುಟ್ಟೂರು ಆಕ್ರಿಂಗ್ಟನ್ನಿಗೆ ಕಳುಹಿಸಿಕೊಟ್ಟದ್ದರಿಂದ ಅಷ್ಟು ಮಾತ್ರ ಒಟ್ಟಾಗಿ ಉಳಿದಿದೆ. ಟಿಫನಿ ತನಗಾಗಿ ಕಟ್ಟಿಸಿಕೊಂಡಿದ್ದ ಲಾರೆಲ್ಟನ್ ಹಾಲ್ ಎಂಬ ಮಹಾಗೃಹದ ಸಾಮಾನುಗಳನ್ನು 1946ರಲ್ಲಿ ನ್ಯೂಯಾರ್ಕಿನ ಪಾರ್ಕ್-ಬರ್ನೆಟ್ ಹರಾಜುಸಂಸ್ಥೆ ಸವಾಲಿಗಿಟ್ಟಿತು. ತನ್ನ ಕೆಲಸದಲ್ಲಿ ಅತ್ಯುತ್ತಮವೆಂದು ಟಿಫನಿಯೇ ಆಯ್ದು ಇಟ್ಟುಕೊಂಡಿದ್ದ ಸಂಗ್ರಹ ಹೀಗೆ ಚೆದುರಿತು. ಮನೆ 1957ರಲ್ಲಿ ಬೆಂಕಿಗೆ ಆಹುತಿಯಾಯಿತು. ಕಿಟಕಿಗಳನ್ನೂ ಕಟ್ಟಡದ ಭಾಗಗಳನ್ನೂ ಹ್ಯೂ ಮಕೀನ್ ಮತ್ತು ಅವನ ಪತ್ನಿ ಜೆನೆಟ್ ಅವಶೇಷಗಳಿಂದ ಬಿಡಿಸಿ ಫ್ಲಾರಿಡಾದ ವಿಂಟರ್ ಪಾರ್ಕಿನಲ್ಲಿದ್ದ ತಮ್ಮ ಮೋರ್ಸ್ ಮ್ಯೂಸಿಯಮ್ಮಿಗೆ ಸಾಗಿಸಿದರು.

ಹರಾಜು ಸಂಗ್ರಹಗಳನ್ನು ಒಡೆಯುತ್ತದೆಂಬುದು ನಿಜ. ಆದರೆ ಅದೇ ಕಾಲದಲ್ಲಿ ಹಳೆಯ ಸಾಮಾನಿನಂಗಡಿಗಳಲ್ಲಿ ದೀಪಗಳನ್ನು ಕೊಂಡು ಕೂಡಿಟ್ಟವರು ಇಲ್ಲದಿದ್ದರೆ ನಮಗೆ ಇಂದು ಚರ್ಚಿಸಲು ವಸ್ತುವೇ ಇರುತ್ತಿರಲಿಲ್ಲ. ಈಗನ್ ನ್ಯೂಸ್ಟಾಟ್ ಎಂಬ ದಂತವೈದ್ಯನೂ ಅವನ ಪತ್ನಿ ಹಿಲ್ಡೆಗಾರ್ಡಳೂ 1935ರಲ್ಲಿ ನ್ಯೂಯಾರ್ಕಿನ ಗ್ರೆನಿಚ್ ವಿಲೇಜಿನ ಅಂಗಡಿಯೊಂದರಲ್ಲಿ ಡ್ಯಾಫೊಡಿಲ್ ಹೂಗಳ ದೀಪವೊಂದನ್ನು ಹನ್ನೆರಡೂವರೆ ಡಾಲರಿಗೆ ಕೊಂಡರು. ಮುಂದೆ ಅವರ ಬಳಿ ಇನ್ನೂರಕ್ಕೂ ಮಿಕ್ಕಿದ ದೀಪಗಳು ಸೇರಿದವು. ಯಾರೂ ಬೇಡವೆಂದ ಕಾಲದಲ್ಲಿ ಕೊಂಡ ಈ ದಂಪತಿಗಳನ್ನು ಕೇವಲ ಹವ್ಯಾಸಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಪುನರುತ್ಥಾನ 1950ರ ದಶಕದಲ್ಲಿ ಆರಂಭವಾಯಿತು. ಮೋರ್ಸ್ ಮ್ಯೂಸಿಯಮ್ 1955ರಲ್ಲಿ ಒಂದು ಪ್ರದರ್ಶನವನ್ನು ನಡೆಸಿತು. 1958ರಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ನಡೆಯಿತು. ರಾಬರ್ಟ್ ಕಾಕ್ ಎಂಬ ವಿದ್ವಾಂಸನು 1964ರಲ್ಲಿ ಟಿಫನಿಯ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದನು. ವಿದ್ವತ್ತು ಮುಂದೆ ಹೋಯಿತು, ಬೆಲೆ ಹಿಂಬಾಲಿಸಿತು. 1997ರ ಕ್ರಿಸ್ಟೀಸ್ ಹರಾಜಿನಲ್ಲಿ ಕೆಂದಾವರೆಯ ದೀಪವೊಂದು 28 ಲಕ್ಷ ಡಾಲರಿಗೂ, 2018ರಲ್ಲಿ ಅದೇ ಸಂಸ್ಥೆಯಲ್ಲಿ ನೈದಿಲೆಯ ದೀಪವೊಂದು ಸುಮಾರು 33 ಲಕ್ಷ 70 ಸಾವಿರ ಡಾಲರಿಗೂ ಹೋದವು. ಇಂಥ ಅಂಕಿಗಳನ್ನು ಉಪಯೋಗಿಸುವಾಗ ಎಚ್ಚರ ಬೇಕು. 1975ರಲ್ಲಿ ಲಂಡನ್ನಿನ ಎರಡು ದೊಡ್ಡ ಸಂಸ್ಥೆಗಳೂ ಕೊಳ್ಳುವವನಿಂದಲೂ ದಸ್ತೂರಿ ಪಡೆಯುವ ಪದ್ಧತಿಯನ್ನು ತಂದುವು. ಅಂದಿನಿಂದ ಪ್ರಕಟವಾಗುವ ಮೊತ್ತದಲ್ಲಿ ಸಾಮಾನ್ಯವಾಗಿ ಆ ದಸ್ತೂರಿಯೂ ಸೇರಿರುತ್ತದೆ. ಸುತ್ತಿಗೆ ಬಿದ್ದಾಗ ಕೂಗಿದ ಬೆಲೆ ಬೇರೆ, ಮಾರಿದವನ ಕೈಗೆ ಬಂದದ್ದು ಮತ್ತೂ ಬೇರೆ. ಪಟ್ಟಿಯಲ್ಲಿ ಮೊದಲೇ ಅಚ್ಚಾಗುವ ಅಂದಾಜುಬೆಲೆಯಾದರೋ ಸವಾಲುಗಾರರನ್ನು ಕರೆಯುವ ಉಪಾಯವೂ ಹೌದು. ಅದನ್ನು ಮೌಲ್ಯವೆಂದು ಉಲ್ಲೇಖಿಸುವ ಲೇಖಕರನ್ನು ನಾವು ಕಂಡಿದ್ದೇವೆ.

ಇನ್ನು ಕರ್ತೃತ್ವದ ಪ್ರಶ್ನೆ. ಬಹುಕಾಲ ದೀಪಗಳ ವಿನ್ಯಾಸವೆಲ್ಲ ಟಿಫನಿಯದೆಂದೇ ಪಟ್ಟಿಗಳು ಸಾರುತ್ತಿದ್ದವು. ವಿಸ್ಟೀರಿಯ ದೀಪದ ವಿಷಯದಲ್ಲಿ ಮಾತ್ರ, ಅದನ್ನು ಶ್ರೀಮತಿ ಕರ್ಟಿಸ್ ಫ್ರೆಶೆಲ್ ಎಂಬಾಕೆ ರಚಿಸಿದಳೆಂಬ ಮಾತು ಪುಸ್ತಕದಿಂದ ಪಟ್ಟಿಗೂ ಪಟ್ಟಿಯಿಂದ ಪುಸ್ತಕಕ್ಕೂ ಹೋಗಿಬರುತ್ತಿತ್ತು. ಒಂದು ಮಾತನ್ನು ಹತ್ತು ಕಡೆ ಓದಿದಾಗ ಹತ್ತು ಸಾಕ್ಷ್ಯಗಳಿವೆಯೆಂದು ತೋರುತ್ತದೆ; ಬಿಡಿಸಿ ನೋಡಿದರೆ ಒಂದೇ ಹೇಳಿಕೆಯ ಹತ್ತು ನಕಲುಗಳಾಗಿರುತ್ತವೆ. ಶಾಸನಗಳ ಪಾಠಾಂತರಗಳನ್ನು ನೋಡಿದವರಿಗೆ ಇದು ಹೊಸದಲ್ಲ.

ನಿಜ ಹೊರಬಿದ್ದದ್ದು ಮಾರುಕಟ್ಟೆಯ ಹೊರಗಿನಿಂದ. ಒಹಾಯೋ ಸಂಸ್ಥಾನದಲ್ಲಿ 1861ರಲ್ಲಿ ಹುಟ್ಟಿದ ಕ್ಲಾರಾ ಡ್ರಿಸ್ಕಾಲ್ ಎಂಬಾಕೆ ಸ್ತ್ರೀವಿಭಾಗದ ಮುಖ್ಯಸ್ಥೆಯಾಗಿದ್ದಳು. ಆಕೆ ತಾಯಿಗೂ ತಂಗಿಯರಿಗೂ ಬರೆದ ಕಾಗದಗಳು ಮನೆಯಿಂದ ಮನೆಗೆ ಸುತ್ತುತ್ತಿದ್ದವು. ಅವುಗಳ ಒಂದು ಭಾಗ ಕೆಂಟ್ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೂ, ಮತ್ತೊಂದು ಭಾಗ ನ್ಯೂಯಾರ್ಕಿನ ಕ್ವೀನ್ಸ್ ಇತಿಹಾಸ ಸಂಘಕ್ಕೂ ಸೇರಿದ್ದವು. ಮಾರ್ಟಿನ್ ಐಡೆಲ್‌ಬರ್ಗ್, ನೀನಾ ಗ್ರೇ ಎಂಬ ಸಂಶೋಧಕರು ಇವನ್ನು ಗುರುತಿಸಿ, ಮಾರ್ಗರೆಟ್ ಹೋಫರ್ ಎಂಬಾಕೆಯೊಡನೆ ಕೂಡಿ 2007ರಲ್ಲಿ ನ್ಯೂಯಾರ್ಕ್ ಇತಿಹಾಸ ಸಂಘದಲ್ಲಿ ಪ್ರದರ್ಶನವನ್ನೂ ಗ್ರಂಥವನ್ನೂ ಸಿದ್ಧಪಡಿಸಿದರು. ವಿಸ್ಟೀರಿಯ ದೀಪ, ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ದೀಪ, ಡ್ಯಾಫೊಡಿಲ್ ದೀಪ ಇವೆಲ್ಲ ಆಕೆಯ ವಿನ್ಯಾಸಗಳೆಂಬುದು ಈ ಕಾಗದಗಳಿಂದ ಸ್ಪಷ್ಟವಾಯಿತು. ನ್ಯೂಸ್ಟಾಟ್ ದಂಪತಿಗಳು 1935ರಲ್ಲಿ ಮನೆಗೆ ತಂದದ್ದು ಆಕೆ ಕಲ್ಪಿಸಿದ ಹೂಗಳನ್ನು. ಕ್ಲಾರಾ ಇನ್ನೂ ಬದುಕಿದ್ದಳು, 1944ರಲ್ಲಿ ತೀರಿಕೊಂಡಳು.

ಆಕೆಯ ಸಂಬಳ ವಾರಕ್ಕೆ 35 ಡಾಲರು. ಮದುವೆಯಾದ ಹೆಂಗಸರನ್ನು ಟಿಫನಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ, ವಿಧವೆಯಾದ ಮೇಲೆ ಮತ್ತೆ ಬಂದು ಸೇರಿದ ಆಕೆ, 1909ರಲ್ಲಿ ಮರುಮದುವೆಯಾಗುವ ಹೊತ್ತಿಗೆ ಕುಲುಮೆಯ ನಂಟನ್ನು ಪೂರ್ತಿ ಕಳಚಿಕೊಳ್ಳಬೇಕಾಯಿತು. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆಕೆಯ ಹೆಸರು ಪೂರ್ತಿ ಗುಪ್ತವಾಗಿರಲಿಲ್ಲ. ನ್ಯೂಯಾರ್ಕಿನ ದಿನಪತ್ರಿಕೆಯೊಂದು 1904ರಲ್ಲಿಯೇ ಆಕೆಯನ್ನು ಹೆಸರಿಸಿತ್ತು. ಆದರೆ ಟಿಫನಿಯ ಹೆಸರಿಗೆ ಬೆಲೆಯಿದ್ದ ಮಾರುಕಟ್ಟೆಯಲ್ಲಿ ಆ ಹಾಳೆಯನ್ನು ತೆಗೆದು ನೋಡುವ ಅವಶ್ಯಕತೆ ಯಾರಿಗೂ ಕಾಣಲಿಲ್ಲ. ಇದನ್ನು ವಂಚನೆಯೆಂದು ನಾವು ಹೇಳುವುದಿಲ್ಲ. ಕುಲುಮೆಯ ಯಜಮಾನನ ಅಭಿರುಚಿ, ಅವನ ಒಪ್ಪಿಗೆ ಪ್ರತಿಯೊಂದು ದೀಪದ ಹಿಂದೆಯೂ ಇತ್ತು. ಅವನ ಗಾಜಿಲ್ಲದೆ ಕ್ಲಾರಾಳ ಚಿತ್ರಗಳು ಕಾಗದದ ಮೇಲೆಯೇ ಉಳಿಯುತ್ತಿದ್ದವು. ಆದರೂ ಒಡೆಯನ ಮುದ್ರೆಯನ್ನು ಕರ್ತೃವಿನ ಅಂಕಿತವೆಂದು ಓದಿದ್ದು ಪ್ರಮಾದವೇ.

ಮುದ್ರೆಯ ಮಾತು ಬಂದದ್ದರಿಂದ ಕೃತಕವಸ್ತುಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಬೆಲೆ ಏರಿದಂತೆ ಹೊಸ ಲೋಹಕ್ಕೆ ಹಳೆಯ ಬಣ್ಣವನ್ನು ಕೊಟ್ಟು ಸಂಸ್ಥೆಯ ಮುದ್ರೆಯನ್ನು ಒತ್ತುವವರು ಹುಟ್ಟಿಕೊಂಡರು. ಬೊಹೀಮಿಯಾದ ಗಾಜಿನ ಮೇಲೆ ಟಿಫನಿಯ ಮೊದಲಕ್ಷರಗಳನ್ನು ಕೊರೆದು ಮಾರುವವರೂ ಕಾಣಿಸಿಕೊಂಡರು. ಅಂಕಿತವಿದೆಯೆಂಬುದು ಆದಕಾರಣ ಅತಿ ದುರ್ಬಲವಾದ ಸಾಕ್ಷ್ಯ. ಪೀಠ ಷೇಡುಗಳ ಜೋಡಣೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಒಂದು ದೀಪದ ಪೀಠಕ್ಕೆ ಬೇರೊಂದರ ಷೇಡನ್ನು ಕೂರಿಸಿದರೆ ಅದನ್ನು ವ್ಯಾಪಾರದ ಭಾಷೆಯಲ್ಲಿ 'ಮದುವೆ' ಎನ್ನುತ್ತಾರೆ, ಬೆಲೆ ಇಳಿಯುತ್ತದೆ. ಆದರೆ ಟಿಫನಿ ಸ್ಟುಡಿಯೋಸ್ ತಾನೇ ಅನೇಕ ಮಾದರಿಗಳಲ್ಲಿ ಪೀಠವನ್ನೂ ಷೇಡನ್ನೂ ಬಿಡಿಬಿಡಿಯಾಗಿ ಮಾರುತ್ತಿತ್ತು, ಗಿರಾಕಿ ತನಗೆ ಒಪ್ಪಿದಂತೆ ಕೂಡಿಸಿಕೊಳ್ಳುತ್ತಿದ್ದನು. ಸೀಮೆಎಣ್ಣೆಯ ಪೀಠಗಳನ್ನು ತರುವಾಯ ವಿದ್ಯುತ್ತಿಗೆ ಮಾರ್ಪಡಿಸಿದ್ದೂ ಉಂಟು. ಹೀಗಿರುವಾಗ 'ಮೂಲಜೋಡಿ' ಎಂಬ ಪದಕ್ಕೆ ಹರಾಜಿನವರು ಕೊಡುವ ಖಚಿತವಾದ ಅರ್ಥ ಚರಿತ್ರೆಯಲ್ಲಿ ಹಲವುವೇಳೆ ಇರಲೇ ಇಲ್ಲ.

ಒಡೆತನದ ಪರಂಪರೆಯನ್ನು ಪರೀಕ್ಷಿಸದೆ ಕೊಳ್ಳುವುದರ ಪರಿಣಾಮ ಇನ್ನೂ ಘೋರವಾದದ್ದು. ನ್ಯೂಯಾರ್ಕಿನ ಸ್ಮಶಾನಗಳಲ್ಲಿ ಸಮಾಧಿಮಂದಿರಗಳ ಟಿಫನಿ ಕಿಟಕಿಗಳು ಕಳವಾದವು. ಇಂಥ ಒಂದು ಕಿಟಕಿಯ ವ್ಯಾಪಾರದ ಸಂಬಂಧವಾಗಿ, ಟಿಫನಿಯ ಮೇಲೆ ಗ್ರಂಥಗಳನ್ನು ಬರೆದಿದ್ದ ತಜ್ಞನೊಬ್ಬನು 1999ರಲ್ಲಿ ನ್ಯಾಯಾಲಯದಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು. ಸತ್ತವರ ಮನೆಯ ಕಿಟಕಿಯನ್ನು ಕೀಳುವಷ್ಟು ದೂರ ಈ ಬೆಲೆ ಜನರನ್ನು ಒಯ್ದಿತೆಂಬುದು ಕಲಾಚರಿತ್ರೆಯ ಒಂದು ಅಧ್ಯಾಯವೇ ಸರಿ.

ಕ್ಲಾರಾಳ ಕಾಗದಗಳು ಪ್ರಕಟವಾದ ಮೇಲೆ ಪಟ್ಟಿಗಳ ಭಾಷೆ ಬದಲಾಗಿದೆ. ಒಹಾಯೋದ ಕ್ಯಾಂಟನ್ ನಗರದ ಚರ್ಚೊಂದಕ್ಕಾಗಿ 1913ರಲ್ಲಿ ಮಾಡಿದ ಡ್ಯಾನರ್ ಸ್ಮಾರಕದ ಕಿಟಕಿ 2024ರ ನವೆಂಬರಿನಲ್ಲಿ ಸೋದಬೀಸ್ ಸಂಸ್ಥೆಯಲ್ಲಿ ಸವಾಲಿಗೆ ಬಂದಾಗ ಅದರ ವಿನ್ಯಾಸದೊಡನೆ ಟಿಫನಿಯ ಸಹೋದ್ಯೋಗಿ ಆಗ್ನೆಸ್ ನಾರ್ಥ್ರಪ್ ಎಂಬಾಕೆಯ ಹೆಸರನ್ನು ಎತ್ತಿ ಹೇಳಲಾಗಿತ್ತು. ಅಂದಾಜು 50ರಿಂದ 70 ಲಕ್ಷ ಡಾಲರು. ಹೋದದ್ದು 1 ಕೋಟಿ 24 ಲಕ್ಷಕ್ಕೂ ಮೇಲೆ. ಟಿಫನಿಯ ಯಾವ ಕೃತಿಗೂ ಹರಾಜಿನಲ್ಲಿ ಅದುವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಕೆಲಸದವರ ಹೆಸರನ್ನು ಸೇರಿಸಿದರೆ ಯಜಮಾನನ ಬೆಲೆ ಕುಗ್ಗೀತೆಂಬ ಭಯಕ್ಕೆ ಆಧಾರವಿಲ್ಲವೆಂದು ಇದರಿಂದ ಹೇಳಬಹುದಾಗಿದೆ.

ವಿನ್ಯಾಸಕಾರ್ತಿಯರಿಬ್ಬರ ಹೆಸರು ಹೀಗೆ ನಿಂತಿದೆ. ಗಾಜಿನ ಹಾಳೆಯನ್ನು ಬೆಳಕಿಗೆ ಹಿಡಿದು ಎಸಳನ್ನು ಆರಿಸಿದವರ ವಿಷಯವೇ ಬೇರೆ. ಕ್ಲಾರಾ ತನ್ನ ಕಾಗದಗಳಲ್ಲಿ ಆ ಹುಡುಗಿಯರಲ್ಲಿ ಹಲವರನ್ನು ಹೆಸರಿಸುತ್ತಾಳೆ; ಆದರೆ ಇಂಥ ದೀಪವನ್ನು ಇಂಥವಳು ಮಾಡಿದಳೆಂದು ದೀಪಗಳ ಮೇಲೆ ಯಾವ ಗುರುತೂ ಇಲ್ಲ. ನ್ಯೂಸ್ಟಾಟನು 1967ರಲ್ಲಿ ಸಂಸ್ಥೆಯ ಮುಚ್ಚಿದ ದಾಸ್ತಾನಿನಿಂದ ಉಳಿದಿದ್ದ ಗಾಜಿನ ಹಾಳೆಗಳನ್ನೂ ಕೊಂಡಿದ್ದನು. ಅವು ಅವನ ಹೆಸರಿನ ಸಂಗ್ರಹದಲ್ಲಿ ಉಳಿದುಬಂದಿವೆ. ದೀಪಗಳ ಗಾಜನ್ನು ಅವುಗಳೊಡನೆ ಹೋಲಿಸಿ ನೋಡಲು ಅವಕಾಶವಿದೆ.