ಮೊಹರು ಒತ್ತುವ ಆಟ

ಕಳೆದ ದೊಡ್ಡ ರಜೆಯಲ್ಲಿ ಊರಿಗೆ ಬಂದ ಮೊಮ್ಮಗ ಚಾವಡಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಆಡುತ್ತಿದ್ದ. ಬಂದೂಕಿಲ್ಲ, ಕಾರಿನ ಓಟವಿಲ್ಲ. ಒಂದು ಮೇಜು, ಕಾಗದಗಳು, ಎರಡು ಮೊಹರು.

"ಎಂತದಾ ಇದು, ಕಚೇರಿಯಾ?" ಎಂದೆ.

"ಹೌದಜ್ಜ, ಗಡಿಯ ಚೆಕ್‌ಪೋಸ್ಟು. ನೀವು ಮಾಡಿದ ಕೆಲಸದ ಹಾಗೇ ಉಂಟು."

ಸರಕಾರಿ ಕಚೇರಿಯೊಂದರಲ್ಲಿ 28 ವರ್ಷ ಗುಮಾಸ್ತನಾಗಿದ್ದವ ನಾನು. ಈ ಕೆಲಸವನ್ನು ದುಡ್ಡು ಕೊಟ್ಟು ಮಾಡುವವರೂ ಇದ್ದಾರಲ್ಲ ಎಂದು ನಗು ಬಂತು. ಆಮೇಲೆ ಎರಡು ದಿನ ಅವನ ಪಕ್ಕದಿಂದ ಏಳಲಿಲ್ಲ.

ಆಟದ ಹೆಸರು 'ಪೇಪರ್ಸ್, ಪ್ಲೀಸ್'. 2013ರ ಆಗಸ್ಟಿನಲ್ಲಿ ಹೊರಬಂದದ್ದು. ಮಾಡಿದವರು ಲೂಕಸ್ ಪೋಪ್, ಜಪಾನಿನಲ್ಲಿ ನೆಲಸಿದ್ದ ಅಮೆರಿಕದವರು. ದೇಶ ದೇಶ ಸುತ್ತುವಾಗ ಪಾಸ್‌ಪೋರ್ಟ್ ತಪಾಸಣೆ ಮಾಡುವವರನ್ನು ನೋಡಿ ಅವರಿಗೆ ಈ ಯೋಚನೆ ಹೊಳೆಯಿತಂತೆ. ಅದಕ್ಕೂ ಮುಂಚೆ, 2012ರಲ್ಲಿ, 'ದಿ ರಿಪಬ್ಲಿಯಾ ಟೈಮ್ಸ್' ಎಂಬ ಸಣ್ಣ ಆಟ ಮಾಡಿದ್ದರು. ಅದರಲ್ಲಿ ನಾವು ಪತ್ರಿಕೆಯ ಸಂಪಾದಕರು. ಯಾವ ಸುದ್ದಿ ದೊಡ್ಡದು, ಯಾವುದು ಬೇಡ ಎಂದು ನಾವೇ ತೀರ್ಮಾನಿಸಬೇಕು. ಹೆಂಡತಿ ಮಕ್ಕಳು ಮಾತ್ರ ಸರಕಾರದ ಕೈಯಲ್ಲಿ.

'ಪೇಪರ್ಸ್, ಪ್ಲೀಸ್' ನಡೆಯುವುದು 1982ರಲ್ಲಿ, ಆರ್ಸ್ಟೊಟ್ಜ್ಕಾ ಎಂಬ ಕಲ್ಪನೆಯ ದೇಶದಲ್ಲಿ. ಆರು ವರ್ಷದ ಯುದ್ಧ ಮುಗಿದು ಗಡಿ ಬಾಗಿಲು ಈಗಷ್ಟೇ ತೆರೆದಿದೆ. ದೇಶ ಕಲ್ಪನೆಯದಾದರೂ ಹಿಂದಿರುವ ನೆರಳು ನಿಜದ್ದು. ಬರ್ಲಿನ್ ನಗರವನ್ನು 1961ರಿಂದ 1989ರವರೆಗೆ ಗೋಡೆಯೊಂದು ಸೀಳಿತ್ತು. ಅಣ್ಣ ಈಚೆ, ತಮ್ಮ ಆಚೆ. ನಡುವೆ ಕಾಗದ ನೋಡುವ ಒಬ್ಬ.

ಆಟದಲ್ಲಿ ಆ ಒಬ್ಬ ನಾವು. ಲಾಟರಿಯಲ್ಲಿ ಸಿಕ್ಕಿದ ಕೆಲಸ. ಹೆಂಡತಿ, ಮಗ, ಅತ್ತೆ ಎಲ್ಲ ಮನೆಯಲ್ಲಿದ್ದಾರೆ. ಸರಿಯಾಗಿ ನೋಡಿ ಬಿಟ್ಟ ತಲೆಯೊಂದಕ್ಕೆ 5 ನಾಣ್ಯ. ಬಾಡಿಗೆ, ಊಟ, ಚಳಿಗೆ ಬಿಸಿ, ಕಾಯಿಲೆಗೆ ಮದ್ದು ಎಲ್ಲ ಅದರಲ್ಲೇ. ನಿಯಮಗಳು ಬೆಳಿಗ್ಗೆ ಬೆಳಿಗ್ಗೆ ಬದಲಾಗುತ್ತವೆ. ಇವತ್ತು ಪಾಸ್‌ಪೋರ್ಟ್ ಸಾಕು, ನಾಳೆ ಪ್ರವೇಶ ಪತ್ರವೂ ಬೇಕು, ಆಮೇಲೆ ಕೆಲಸದ ಪರವಾನಗಿ. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ನಿಧಾನ ಮಾಡಿದರೆ ಸಂಬಳ ಕಮ್ಮಿ, ಅವಸರ ಮಾಡಿದರೆ ತಪ್ಪು. (ನಮ್ಮ ಕಚೇರಿಗಳ ಸುತ್ತೋಲೆ ನೆನಪಾದರೆ ಅದು ನನ್ನ ತಪ್ಪಲ್ಲ.)

ತಪ್ಪು ಹುಡುಕುವುದರಲ್ಲಿ ಒಂದು ರುಚಿ ಇದೆ, ಒಪ್ಪಲೇಬೇಕು. ಅವಧಿ ಮುಗಿದಿದೆ, ಫೋಟೋ ಬೇರೆ, ಊರಿನ ಹೆಸರು ತಪ್ಪು! ಮೊಮ್ಮಗನಿಗಿಂತ ಮೊದಲು ನನ್ನ ಬೆರಳು ಹೋಗುತ್ತಿತ್ತು. ಆಟ ನಮ್ಮನ್ನು ಹಿಡಿಯುವುದು ಅಲ್ಲೇ. ರುಚಿ ಹತ್ತಿದ ಮೇಲೆ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದ ಸರಿ. ಹಿಂದೆ ನನ್ನ ಹೆಂಡತಿ ಇದ್ದಾಳೆ, ಸ್ವಲ್ಪ ದಯೆ ಇರಲಿ ಅನ್ನುತ್ತಾನೆ. ಅವಳ ಹತ್ತಿರ ಪ್ರವೇಶ ಪತ್ರವಿಲ್ಲ.

ನನಗೆ ಒಬ್ಬರು ಮುದುಕಿ ಕಣ್ಣ ಮುಂದೆ ಬಂದರು. 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಆ ಮೇಲೆ ಹಳೆಯ ದಾಖಲೆಯ ಹೆಸರು ಕನ್ನಡದಲ್ಲಿ, ಹೊಸ ಕಾರ್ಡಿನದು ಮಲಯಾಳದಲ್ಲಿ. ಆ ಅಮ್ಮನ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ. ಪಿಂಚಣಿ ಅರ್ಜಿ. "ಸರಿ ಮಾಡಿಸಿಕೊಂಡು ಬನ್ನಿ" ಎಂದು ಹಿಂದೆ ಕೊಟ್ಟೆ. ನಿಯಮ ಹಾಗಿತ್ತು. "ಆಯ್ತು ಮಗಾ" ಎಂದು ಹೋದವರು ಮತ್ತೆ ಬರಲಿಲ್ಲ. ಅವರು ಯಾರೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಲ್ಕು ಮನೆ ಆಚೆಯವರು.

ಈ ಆಟಕ್ಕೆ 2014ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಕಥೆಗೆ 20 ಬಗೆಯ ಕೊನೆಗಳಿವೆ. ಮೊಮ್ಮಗ ಎಲ್ಲವನ್ನೂ ನೋಡಿದ್ದಾನಂತೆ.

ಅವತ್ತು ಅವನು ಆ ಹೆಂಗಸನ್ನು ತಡೆಯಹೊರಟಿದ್ದ. ದಿನದ ಎರಡು ಎಚ್ಚರಿಕೆ ಆಗಲೇ ಮುಗಿದಿತ್ತು, ಮನೆಯಲ್ಲಿ ಮಗನಿಗೆ ಕಾಯಿಲೆ, ಕೈಯಲ್ಲಿ ದುಡ್ಡಿಲ್ಲ.

"ಬಿಡು ಮಾರಾಯ" ಎಂದೆ.

"ದಂಡ ಬೀಳ್ತದೆ ಅಜ್ಜ."

"ಬೀಳ್ಲಿ."

ಹಸಿರು ಮೊಹರು ಒತ್ತಿದ. ಯಂತ್ರ ಕಟಕಟ ಎಂದು ದಂಡದ ಚೀಟಿ ಉಗುಳಿತು. ಆ ರಾತ್ರಿ ನಮ್ಮ ಆಟದ ಮನೆಯಲ್ಲಿ ಮದ್ದಿಗೆ ದುಡ್ಡು ಸಾಲಲಿಲ್ಲ.